ಹವ್ಯಾಸಿಗಳು ಕಾಪಾಡಿದ ಆರು ತಂತಿ

ಸಂಗೀತ ಸಭೆ ಎಂದರೆ ನಮ್ಮಲ್ಲಿ ಕೇಳುಗರ ಕೂಟ. ವೇದಿಕೆಯ ಮೇಲೆ ವಿದ್ವಾಂಸರು, ಎದುರಿಗೆ ರಸಿಕರು. ರಾಮನವಮಿ ಕಚೇರಿಗೆ ಹೊರಟವರು ಯಾರೂ ಮನೆಯ ವೀಣೆಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಯುರೋಪು, ಅಮೆರಿಕಗಳ ಹಲವು ಊರುಗಳಲ್ಲಿರುವ ಗಿಟಾರ್ ಸೊಸೈಟಿಗಳ ಕ್ರಮವೇ ಬೇರೆ. ಅಲ್ಲಿಗೆ ಬರುವವರು ವಾದ್ಯ ಹಿಡಿದೇ ಬರುತ್ತಾರೆ. ಚರ್ಚಿನ ಪಕ್ಕದ ಕೊಠಡಿಯೋ ಗ್ರಂಥಾಲಯದ ಒಂದು ಮೂಲೆಯೋ ಸಿಕ್ಕರೆ ಸಾಕು. ಸರದಿಯ ಮೇಲೆ ಒಬ್ಬೊಬ್ಬರೂ ನುಡಿಸುತ್ತಾರೆ, ನಡುವೆ ತಪ್ಪುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ, ಕೊನೆಗೆ ನಾಲ್ಕೈದು ಜನ ಸೇರಿ ಒಂದು ಸಮೂಹವಾದನ. ಹಗಲೆಲ್ಲ ಲೆಕ್ಕಪತ್ರ ನೋಡುವವರು, ಶಾಲೆಯಲ್ಲಿ ಪಾಠ ಹೇಳುವವರು, ನಿವೃತ್ತರು ಇಲ್ಲಿನ ಸದಸ್ಯರು. ಹೊಟ್ಟೆಪಾಡಿಗೆ ಗಿಟಾರನ್ನು ನೆಚ್ಚಿಕೊಂಡವರು ಕಡಿಮೆ. ಹೊರಗಿನವರ ಕಣ್ಣಿಗೆ ಇದೊಂದು ಕಾಲಕ್ಷೇಪ. ಆದರೆ ಶಾಸ್ತ್ರೀಯ ಗಿಟಾರ್ ಇಂದು ಸಂಗೀತ ಕಾಲೇಜುಗಳಲ್ಲಿ ಪಾಠವಾಗಿ, ದೊಡ್ಡ ಸಭಾಂಗಣಗಳಲ್ಲಿ ಕಚೇರಿಯಾಗಿ ನಿಂತಿರುವುದಕ್ಕೆ ಕಾರಣ ಹುಡುಕುತ್ತಾ ಹೋದರೆ, ದಾರಿ ಮತ್ತೆ ಮತ್ತೆ ಇಂಥ ಕೊಠಡಿಗಳಿಗೇ ಬಂದು ಮುಟ್ಟುತ್ತದೆ.

ಇದಕ್ಕೆ ಗಿಟಾರಿನ ಸ್ವಭಾವವೇ ಮೂಲ. ಅದರ ದನಿ ಸಣ್ಣದು. ಹತ್ತೊಂಬತ್ತನೇ ಶತಮಾನದಲ್ಲಿ ಸಭಾಂಗಣಗಳು ಹಿಗ್ಗುತ್ತಾ ಹೋದಂತೆ ಪಿಯಾನೊ ಮುಂದೆ ಬಂತು, ಗಿಟಾರ್ ಹಿಂದೆ ಸರಿಯಿತು. ಸಿಂಫನಿ ವಾದ್ಯವೃಂದದಲ್ಲಿ ಪಿಟೀಲಿನವರಿಗೆ ಸಾಲುಸಾಲು ಕುರ್ಚಿಗಳಿವೆ, ಗಿಟಾರಿನವರಿಗೆ ಒಂದೂ ಇಲ್ಲ. ಕುರ್ಚಿ ಇಲ್ಲವೆಂದ ಮೇಲೆ ಸಂಬಳವಿಲ್ಲ; ಸಂಬಳವಿಲ್ಲದ ವಿದ್ಯೆಗೆ ಕಾಲೇಜುಗಳು ತರಗತಿ ತೆರೆಯುವುದೂ ಅಪರೂಪ. ವೃತ್ತಿಪರರ ಆಸರೆ ಹೀಗೆ ತಪ್ಪಿದ ವಾದ್ಯವನ್ನು ಎತ್ತಿಕೊಂಡವರು ಹವ್ಯಾಸಿಗಳು. 1856ರಲ್ಲಿ ಬ್ರಸೆಲ್ಸ್‌ನಲ್ಲಿ ಗಿಟಾರಿಗಾಗಿಯೇ ಒಂದು ಸ್ಪರ್ಧೆ ನಡೆಯಿತು, ಒಳ್ಳೆಯ ಕೃತಿಗೊಂದು ಬಹುಮಾನ, ಒಳ್ಳೆಯ ವಾದ್ಯಕ್ಕೊಂದು. ನಡೆಸಿದವರು ನಿಕೊಲಾಯ್ ಮಕಾರೊಫ್ ಎಂಬ ರಷ್ಯದ ಜಮೀನ್ದಾರರು. ನಿಘಂಟು ಕಟ್ಟುವುದು ಅವರ ಇನ್ನೊಂದು ಹುಚ್ಚು. ಕೃತಿಯ ಮೊದಲ ಬಹುಮಾನ ಬಂದದ್ದು ಯೋಹಾನ್ ಕಾಸ್ಪರ್ ಮೆರ್ಟ್ಸ್‌ಗೆ, ಎರಡನೆಯದು ನೆಪೋಲಿಯನ್ ಕೊಸ್ಟ್‌ಗೆ. ಫಲಿತಾಂಶ ಹೊರಬೀಳುವ ಮೊದಲೇ ಮೆರ್ಟ್ಸ್ ತೀರಿಕೊಂಡಿದ್ದರು. ಆ ಇಬ್ಬರ ಕೃತಿಗಳೂ ಇವತ್ತಿಗೂ ಕಚೇರಿಗಳಲ್ಲಿ ಕೇಳಿಬರುತ್ತವೆ.

ಕೇಳಿಬರಬೇಕಾದರೆ ಅವುಗಳ ಹಾಳೆಗಳು ಉಳಿದಿರಬೇಕಲ್ಲ. ಕೊಳ್ಳುವವರಿಲ್ಲದ ಸಂಗೀತವನ್ನು ಪ್ರಕಾಶಕರು ಮತ್ತೆ ಅಚ್ಚು ಹಾಕುವುದಿಲ್ಲ; ಹಸ್ತಪ್ರತಿಗಳು ರದ್ದಿಗೆ ಹೋಗುತ್ತವೆ. ಸ್ವೀಡನ್ನಿನ ಕಾರ್ಲ್ ಆಸ್ಕರ್ ಬೊಯ್ಯೆ ಜೀವವಿಮೆಯ ಉದ್ಯೋಗದಲ್ಲಿದ್ದವರು, ನುಡಿಸುತ್ತಿದ್ದುದು ಸಂತೋಷಕ್ಕೆ. ಗಿಟಾರಿನ ಹಳೆಯ ಮುದ್ರಣಗಳನ್ನೂ ಮೆರ್ಟ್ಸ್‌ರ ಹಸ್ತಪ್ರತಿಗಳನ್ನೂ ಅವರು ಜೀವಮಾನವಿಡೀ ಕೂಡಿಟ್ಟರು. ಅದೇ ಕಾಲಕ್ಕೆ, 1899ರಲ್ಲಿ, ದಕ್ಷಿಣ ಜರ್ಮನಿಯಲ್ಲಿ ಗಿಟಾರ್ ವಾದಕರ ಅಂತರರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು. ಹಳೆಯ ಕೃತಿಗಳನ್ನು ಹುಡುಕುವುದು, ನಕಲು ಮಾಡಿ ಹಂಚುವುದು ಅದರ ಕೆಲಸಗಳಲ್ಲೊಂದು. ಬೊಯ್ಯೆಯವರ ಸಂಗ್ರಹ 1923ರಲ್ಲಿ ಅವರು ತೀರಿಕೊಂಡ ಮೇಲೆ ಸ್ಟಾಕ್‌ಹೋಮ್‌ನ ಸಂಗೀತ ಗ್ರಂಥಾಲಯಕ್ಕೆ ಸೇರಿತು. ಇಂದು ಅದರ ಪುಟಗಳನ್ನು ಯಾರು ಬೇಕಾದರೂ ಬಿಡಿಗಾಸು ಕೊಡದೆ ಇಳಿಸಿಕೊಳ್ಳಬಹುದು. ಹತ್ತೊಂಬತ್ತನೇ ಶತಮಾನದ ಗಿಟಾರ್ ಸಂಗೀತವನ್ನು ಅಭ್ಯಾಸ ಮಾಡುವವರು ಈ ವಿಮೆಯ ಮನುಷ್ಯರ ಸಂಗ್ರಹಕ್ಕೆ ಬಾರದೆ ಇರುವಂತಿಲ್ಲ.

ಲಂಡನ್ನಿನ ಕಥೆ ಇನ್ನೂ ನೇರವಾದದ್ದು. ರಷ್ಯದಿಂದ ವಲಸೆ ಬಂದ ವೈದ್ಯ ಬೋರಿಸ್ ಪೆರೋಟ್ 1929ರಲ್ಲಿ ಅಲ್ಲಿ ಫಿಲ್‌ಹಾರ್ಮೋನಿಕ್ ಸೊಸೈಟಿ ಆಫ್ ಗಿಟಾರಿಸ್ಟ್ಸ್ ಕಟ್ಟಿದರು. 1940ರ ದಶಕದಲ್ಲಿ, ತಾವೂ ಗಿಟಾರ್ ನುಡಿಸುತ್ತಿದ್ದ ತಂದೆಯೊಬ್ಬರು ತಮ್ಮ ಹುಡುಗನನ್ನು ಅಲ್ಲಿಗೆ ಕರೆತಂದರು. ಆ ಹುಡುಗನೇ ಮುಂದೆ ಇಂಗ್ಲೆಂಡಿನ ಬಹು ದೊಡ್ಡ ಗಿಟಾರ್ ವಾದಕರಾದ ಜೂಲಿಯನ್ ಬ್ರೀಮ್. ಪಾಠ, ಹಾಳೆಗಳು, ಮೊದಲ ಶ್ರೋತೃಗಳು ಎಲ್ಲವೂ ಸಿಕ್ಕಿದ್ದು ಸೊಸೈಟಿಯ ಬಳಗದಲ್ಲಿ. 1947ರಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಅವರ ಮೊದಲ ಕಚೇರಿ ನಡೆದಾಗ ವಯಸ್ಸು ಹದಿಮೂರು. ಆಮೇಲೆ ಅವರು ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದರು. ಅಲ್ಲಿ ಕಲಿತದ್ದು ಮಾತ್ರ ಪಿಯಾನೊ, ಚೆಲ್ಲೊ. ಗಿಟಾರಿಗೆ ಮೇಷ್ಟರೇ ಇರಲಿಲ್ಲ! 1956ರಲ್ಲಿ ಅದೇ ಕಾಲೇಜಿಗೆ ಬಂದ ಜಾನ್ ವಿಲಿಯಮ್ಸ್ ಕೂಡ ಪಿಯಾನೊ ವಿದ್ಯಾರ್ಥಿಯಾಗಿಯೇ ಓದು ಮುಗಿಸಿ, ನಂತರ ಅಲ್ಲಿ ಗಿಟಾರ್ ವಿಭಾಗವನ್ನು ತಾವೇ ಆರಂಭಿಸಿದರು. ಎಂದರೆ ಹವ್ಯಾಸಿಗಳ ಕೂಟ ಮೊದಲು, ಕಾಲೇಜು ಅದಾದ ಮೂವತ್ತು ವರ್ಷಕ್ಕೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಹಗುರವಾದದ್ದೇನಲ್ಲ: ಗಿಟಾರನ್ನು ಮೇಲೆತ್ತಿದ್ದು ಆಂದ್ರೆಸ್ ಸೆಗೋವಿಯಾ ಎಂಬ ಒಬ್ಬ ಮಹಾ ವಾದಕ, ಕೂಟಗಳು ಮಾಡಿದ್ದು ಚಪ್ಪಾಳೆ ತಟ್ಟುವ ಕೆಲಸ ಮಾತ್ರ. ಸೆಗೋವಿಯಾ ಇಲ್ಲದಿದ್ದರೆ ಗಿಟಾರಿನ ಇಪ್ಪತ್ತನೇ ಶತಮಾನ ಬೇರೆಯೇ ಆಗುತ್ತಿತ್ತು, ನಿಜ. ಆದರೆ ಅವರ ಕೈಗೆ ತಂತಿ ಬಂದದ್ದು ಎಲ್ಲಿಂದ? ಎರಡನೇ ಮಹಾಯುದ್ಧದವರೆಗೂ ಗಿಟಾರಿನ ತಾರಸ್ಥಾಯಿಯ ಮೂರು ತಂತಿಗಳನ್ನು ಪ್ರಾಣಿಯ ಕರುಳಿನಿಂದ ಮಾಡುತ್ತಿದ್ದರು. ಯುದ್ಧದಲ್ಲಿ ಕರುಳೆಲ್ಲ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಹೋಗಿ ತಂತಿಗೆ ಬರ ಬಂತು. ನ್ಯೂಯಾರ್ಕಿನಲ್ಲಿ 1936ರಲ್ಲೇ ಒಂದು ಗಿಟಾರ್ ಸೊಸೈಟಿ ಹುಟ್ಟಿಕೊಂಡಿತ್ತು. ಅದರ ಮುಂದಾಳು ವ್ಲಾದಿಮಿರ್ ಬೋಬ್ರಿ ವೃತ್ತಿಯಲ್ಲಿ ಚಿತ್ರಕಾರರು. 1946ರಿಂದ ‘ಗಿಟಾರ್ ರಿವ್ಯೂ’ ಎಂಬ ಸುಂದರ ಪತ್ರಿಕೆಯನ್ನು ಹೊರತಂದ ಬಳಗವೂ ಇದೇ. ಸೆಗೋವಿಯಾಗೆ ಆಲ್ಬರ್ಟ್ ಆಗಸ್ಟೀನ್ ಎಂಬ ವಾದ್ಯ ತಯಾರಕರ ಪರಿಚಯ ಮಾಡಿಸಿದವರು ಈ ಬೋಬ್ರಿ. ಡ್ಯುಪಾಂಟ್ ಕಂಪನಿಯ ನೈಲಾನ್ ಎಳೆಯನ್ನು ಪಳಗಿಸಿ ಗಿಟಾರಿಗೆ ಒಗ್ಗಿಸಿದವರು ಆಗಸ್ಟೀನ್. ಇಂದು ಶಾಸ್ತ್ರೀಯ ಗಿಟಾರಿಗೆ ಬಿಗಿಯುವ ನೈಲಾನ್ ತಂತಿಯ ವಂಶಮೂಲ ಅಲ್ಲಿದೆ. ಒಬ್ಬ ಪ್ರತಿಭಾವಂತರ ಸುತ್ತ ಇಷ್ಟು ಜನ ಮೊದಲೇ ಸೇರಿರದಿದ್ದರೆ ಪ್ರತಿಭೆ ತಂತಿಗಾಗಿ ಪರದಾಡಬೇಕಿತ್ತು.

ಹವ್ಯಾಸಿಗಳು ಮಟ್ಟ ಇಳಿಸುತ್ತಾರೆ ಎನ್ನುವುದು ಇನ್ನೊಂದು ದೂರು. ಕೈಲಾಸಂ ಅವರ ನಾಟಕಗಳನ್ನು ಹವ್ಯಾಸಿಗಳಿಂದಲೇ ಕಂಡ ಕನ್ನಡದವರಿಗೆ ಇದನ್ನು ಒಪ್ಪುವುದು ಕಷ್ಟ. ಆದರೂ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಕೂಟಗಳಿಗೆ ಹಳತಿನ ಮೋಹ ಬೇಗ ಹತ್ತುತ್ತದೆ. ಪೆರೋಟ್ ಕಲಿಸುತ್ತಿದ್ದ ಪದ್ಧತಿ ಎಷ್ಟು ಹಳೆಯದಾಗಿತ್ತೆಂದರೆ ಬ್ರೀಮ್ ಅದನ್ನು ಬಿಟ್ಟು ತಮ್ಮ ದಾರಿ ತಾವೇ ಹುಡುಕಿಕೊಳ್ಳಬೇಕಾಯಿತು. ಉಗುರಿನಿಂದ ಮೀಟಬೇಕೋ ಬೆರಳ ತುದಿಯಿಂದಲೋ ಎಂಬ ಜಗಳ ಒಂದು ಶತಮಾನಕ್ಕೂ ಹಿಂದಿನದು, ಈಗಲೂ ತಣ್ಣಗಾಗಿಲ್ಲ. ಸ್ಪ್ರೂಸ್ ಮರ ಮೇಲೋ ಸೀಡರ್ ಮೇಲೋ ಎಂದು ಸಂಜೆಯಿಡೀ ವಾದಿಸಿ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯದೆ ಮನೆಗೆ ಹೋಗುವ ಸದಸ್ಯರೂ ಇರುತ್ತಾರೆ. ಇವರಿಂದ ಗಿಟಾರ್ ಅಂಗಡಿಗೆ ಲಾಭ, ಸಂಗೀತಕ್ಕೆ ಏನೂ ಇಲ್ಲ. ಆದ್ದರಿಂದ ಕೂಟದ ಯೋಗ್ಯತೆ ಅಳೆಯಲು ನನ್ನ ಮಟ್ಟಿಗೆ ಒಂದೇ ಅಳತೆ: ಅಲ್ಲಿ ನುಡಿಸುವ ಹೊತ್ತು ಹೆಚ್ಚೋ, ಮಾತಾಡುವ ಹೊತ್ತು ಹೆಚ್ಚೋ.

ಮೊಬೈಲಿನಲ್ಲೇ ಪಾಠ ಸಿಗುವಾಗ ಕೂಟ ಏತಕ್ಕೆ ಎಂಬುದು ಈ ಕಾಲದ ಪ್ರಶ್ನೆ. ವಿಡಿಯೊದಲ್ಲಿ ನುಡಿಸುವವರು ನಮಗೆ ಕೇಳಿಸುತ್ತಾರೆ, ನಾವು ಅವರಿಗೆ ಕೇಳಿಸುವುದಿಲ್ಲ. ಗಿಟಾರಿನಲ್ಲಿ ಈ ಕೊರತೆ ಉಳಿದ ವಾದ್ಯಗಳಿಗಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ರಾಗವನ್ನೂ ಅದರ ಪಕ್ಕವಾದ್ಯವನ್ನೂ ಒಂದೇ ಗಿಟಾರ್ ನಿಭಾಯಿಸಬಲ್ಲದು. ಜೊತೆಗಾರರ ಅಗತ್ಯವೇ ಬೀಳುವುದಿಲ್ಲ. ಒಂಟಿಯಾಗಿ ಕಲಿತವರ ಲಯ, ಕಷ್ಟದ ಜಾಗ ಬಂದಾಗ ನಿಧಾನವಾಗಿ, ಸುಲಭದ ಜಾಗದಲ್ಲಿ ಓಡುತ್ತದೆ. ಅದು ಅವರ ಕಿವಿಗೇ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗಿಟಾರ್ ಇದ್ದರೆ ನಾಲ್ಕನೇ ಪಂಕ್ತಿಗೇ ಬಯಲಾಗುತ್ತದೆ. ಹಳಬರು ಇದನ್ನು ಬಲ್ಲವರಾಗಿದ್ದರು. ಪ್ಯಾರಿಸ್ಸಿನಲ್ಲಿ ಹವ್ಯಾಸಿಗಳಿಗೆ ಪಾಠ ಹೇಳುತ್ತಿದ್ದ ಫರ್ದಿನಾಂದೊ ಕರುಲ್ಲಿ ಎರಡು ಗಿಟಾರಿಗೆಂದು ಕೃತಿಗಳ ರಾಶಿಯನ್ನೇ ಬರೆದರು. ಫರ್ನಾಂದೊ ಸೋರ್ ಅವರ 34ನೇ ಕೃತಿಯಲ್ಲಿ ಒಂದು ಭಾಗ ಶಿಷ್ಯನಿಗೆ, ಇನ್ನೊಂದು ಗುರುವಿಗೆ.

ಕರ್ನಾಟಕದಲ್ಲಿ ಗಿಟಾರ್ ಎಂದರೆ ಚರ್ಚು, ಆರ್ಕೆಸ್ಟ್ರಾ, ಕಾಲೇಜಿನ ಬ್ಯಾಂಡು. ಬೆಂಗಳೂರಿನಲ್ಲಿ 1987ರಲ್ಲಿ ಆರಂಭವಾದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಶಾಲೆಗಳಲ್ಲಿ ಕಲಿಯುವವರೂ ಇದ್ದಾರೆ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಕಟ್ಟುವವರೂ ಇದ್ದಾರೆ. ಪರೀಕ್ಷೆ ಮುಗಿದು ನೌಕರಿ ಹಿಡಿದ ಮೇಲೆ ಇವರಲ್ಲಿ ಬಹಳ ಮಂದಿಯ ಗಿಟಾರ್ ಬೀರುವಿನ ಮೇಲೇರುತ್ತದೆ. ಅದನ್ನು ಇಳಿಸಲು ದೊಡ್ಡ ಸಂಸ್ಥೆ ಬೇಕಿಲ್ಲ. ಬೀದಿಯಲ್ಲೋ ಕಚೇರಿಯಲ್ಲೋ ಗಿಟಾರ್ ಇರುವ ಇನ್ನೊಬ್ಬರನ್ನು ಹುಡುಕಿ, ತಿಂಗಳಿಗೊಂದು ಭಾನುವಾರ ಗೊತ್ತುಮಾಡಿ, ಬೊಯ್ಯೆ ಸಂಗ್ರಹದಿಂದ ಕರುಲ್ಲಿಯ ಒಂದು ಸುಲಭದ ಯುಗಳವನ್ನು ಇಳಿಸಿಕೊಳ್ಳಿ. ಮೊದಲ ಸಲ ಇಬ್ಬರೂ ಒಟ್ಟಿಗೆ ಮುಗಿಸುವುದಿಲ್ಲ; ಎರಡನೇ ಭಾನುವಾರವನ್ನೂ ಅಂದೇ ಗೊತ್ತುಮಾಡಿಕೊಳ್ಳಿ.