ಹೆಣಕ್ಕೆ ಕೂರುವ ನೊಣ, ಹುಣ್ಣಿಗೆ ಕೂರುವ ನೊಣ: ಗುರುತಿಸುವುದು ಹೇಗೆ?

ನಮಗೆ ನೊಣ, ಕಾಸರಗೋಡಿನ ಮಲಯಾಳಿ ನೆರೆಯವರಿಗೆ ‘ಈಚ್ಚ’, ಹೊಸೂರಿನ ತಮಿಳರಿಗೆ ‘ಈ’, ಆದೋನಿಯ ತೆಲುಗರಿಗೆ ‘ಈಗ’, ಸೊಲ್ಲಾಪುರದ ಮರಾಠಿಗರಿಗೆ ‘ಮಾಶಿ’. ಗಡಿಯೂರಿನವರಾದ ನಾವು ಈ ಹೆಸರುಗಳನ್ನು ಕೇಳುತ್ತಲೇ ಬೆಳೆದವರು. ಆದರೆ ಇವುಗಳಲ್ಲಿ ಯಾವುದೂ ಒಂದು ನಿರ್ದಿಷ್ಟ ಜಾತಿಯ ಹೆಸರಲ್ಲ. ಸತ್ತ ಪ್ರಾಣಿಯ ಮೇಲೆ ಮುತ್ತುವ ಹೊಳೆಯುವ ಹಸಿರು ನೊಣವನ್ನೂ, ಎತ್ತಿನ ಹುಣ್ಣಿನಲ್ಲಿ ಮೊಟ್ಟೆಯಿಡುವ ಹಸಿರು ನೊಣವನ್ನೂ ಒಂದೇ ಎಂದುಕೊಳ್ಳುತ್ತೇವೆ. ಅವು ಎರಡು ಜಾತಿಗಳು. ದನಕರು ಸಾಕಿದ ಮನೆಗಳಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಮೊದಲನೆಯದು ಕ್ರೈಸೊಮಿಯಾ ಮೆಗಾಸೆಫಾಲಾ. ಡೆನ್ಮಾರ್ಕಿನ ಫ್ಯಾಬ್ರಿಶಿಯಸ್ 1794ರಲ್ಲಿ ಇದನ್ನು ಮನೆನೊಣದ ಕುಲವಾದ ಮಸ್ಕಾದಲ್ಲಿ ಸೇರಿಸಿ ವರ್ಣಿಸಿದ. ಕ್ರೈಸೊಮಿಯಾ ಕುಲವನ್ನು 1830ರಲ್ಲಿ ಸ್ಥಾಪಿಸಲಾಯಿತು. ಈ ನೊಣವನ್ನು ಆಮೇಲೆ ಅದಕ್ಕೆ ಸೇರಿಸಿದರು. ಮೆಗಾಸೆಫಾಲಾ ಎಂದರೆ ದೊಡ್ಡ ತಲೆಯದು. ಎರಡನೆಯದು ಕ್ರೈಸೊಮಿಯಾ ಬೆಜ್ಜಿಯಾನಾ. ಫ್ರಾನ್ಸಿನ ವಿಲ್ನೆವ್ 1914ರಲ್ಲಿ ಇದನ್ನು ಪ್ರತ್ಯೇಕ ಜಾತಿಯೆಂದು ತೋರಿಸಿ, ಇಟಲಿಯ ಕೀಟತಜ್ಞ ಬೆಜ್ಜಿಯ ಹೆಸರಿಟ್ಟರು. ಭಾರತದಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಗಾಯಕ್ಕೆ ಹುಳ ಬೀಳಿಸುವ ಸಾಮಾನ್ಯ ನೊಣ ಇದೇ ಎಂದು ಪ್ಯಾಟನ್ 1920ರಲ್ಲಿ ಬರೆದರು.

ಗುರುತಿಸುವ ಕ್ರಮ ಹೀಗಿದೆ. ಕೈಯಲ್ಲಿ ಒಂದು ಭೂತಗನ್ನಡಿ ಇರಲಿ.

1. ಮೈ ಬಣ್ಣ: ಬೂದು ಬಣ್ಣದ ಎದೆಯ ಮೇಲೆ ನಾಲ್ಕು ಕಪ್ಪು ಗೆರೆಗಳಿದ್ದರೆ ಅದು ಮನೆನೊಣ, ಮೂರು ಗೆರೆಗಳಿದ್ದು ನೊಣ ದೊಡ್ಡದಾಗಿದ್ದರೆ ಮಾಂಸನೊಣ. ಲೋಹದಂತೆ ಹೊಳೆಯುವ ಹಸಿರು ಅಥವಾ ನೀಲಿ ಮೈಯಿದ್ದರೆ ಅದು ಕ್ಯಾಲಿಫೋರಿಡೇ ಕುಟುಂಬದ್ದಾಗಿರುವ ಸಂಭವ ಹೆಚ್ಚು.

2. ರೆಕ್ಕೆಯ ಬುಡದ ದಪ್ಪ ನರ: ಅದರ ಮೇಲ್ಬದಿಯಲ್ಲಿ ಸಣ್ಣ ಕೂದಲುಗಳ ಸಾಲಿದ್ದರೆ ಕ್ರೈಸೊಮಿಯಾ; ಬೋಳಾಗಿದ್ದರೆ ಅದರಂತೆಯೇ ಹೊಳೆಯುವ ಲ್ಯುಸಿಲಿಯಾ.

3. ಎದೆಯ ಮುಂಭಾಗದ ಉಸಿರಾಟದ ರಂಧ್ರ: ಬೆಳ್ಳಗಿದ್ದರೆ ಕ್ರೈಸೊಮಿಯಾ ರೂಫಿಫೇಸೀಸ್, ಅದರ ಹುಳು ಬೇರೆ ನೊಣಗಳ ಹುಳುಗಳನ್ನೂ ತಿನ್ನುತ್ತದೆ. ನಮ್ಮ ಎರಡು ನೊಣಗಳಲ್ಲೂ ಈ ರಂಧ್ರ ಕಪ್ಪಾಗಿರುತ್ತದೆ.

4. ರೆಕ್ಕೆಯ ಬುಡದ ಕೆಳಪೊರೆ: ಮೇಣದಂತೆ ಬಿಳಿಯಾಗಿದ್ದರೆ ಬೆಜ್ಜಿಯಾನಾ, ಕಂದಾಗಿದ್ದರೆ ಮೆಗಾಸೆಫಾಲಾ. ಗಂಡು ಮೆಗಾಸೆಫಾಲಾದಲ್ಲಿ ಇನ್ನೊಂದು ಗುರುತೂ ಉಂಟು: ಎರಡು ಕಣ್ಣುಗಳು ಬಹುತೇಕ ಕೂಡಿಕೊಂಡಿದ್ದು, ಪ್ರತಿ ಕಣ್ಣಿನ ಮೇಲ್ಭಾಗದ ಮಸೂರಗಳು ದೊಡ್ಡವಾಗಿ, ಕೆಳಭಾಗದವು ಚಿಕ್ಕವಾಗಿ, ನಡುವೆ ಸ್ಪಷ್ಟ ಗಡಿ ಕಾಣುತ್ತದೆ.

ಬದುಕುವ ರೀತಿಯಲ್ಲಿ ಎರಡಕ್ಕೂ ಅಜಗಜಾಂತರ. ಮೆಗಾಸೆಫಾಲಾ ಹೆಣ, ಮಲ, ಕೊಳೆತ ಮಾಂಸ, ಮೀನುಗಳ ಮೇಲೆ ಮೊಟ್ಟೆಯಿಡುತ್ತದೆ. ಕೆಲವೊಮ್ಮೆ ಕೊಳೆತ ಹುಣ್ಣಿಗೂ ಬರುತ್ತದೆ. ಸತ್ತದ್ದನ್ನು ಬೇಗ ಕರಗಿಸುವುದು ಅದರ ಹುಳುಗಳ ಕೆಲಸ. ಬೆಜ್ಜಿಯಾನಾ ಹೆಣದಲ್ಲಿ ಮರಿ ಮಾಡುವುದೇ ಇಲ್ಲ. ಅದಕ್ಕೆ ಜೀವವಿರುವ ಬಿಸಿ ಮಾಂಸವೇ ಬೇಕು. ಕರುವಿನ ಹಸಿ ಹೊಕ್ಕುಳು, ಉಣ್ಣೆ ಕಚ್ಚಿದ ಗಾಯ, ಬೀಜ ಒಡೆದ ಗಾಯ, ಮುರಿದ ಕೊಂಬಿನ ಬುಡ, ಇಷ್ಟು ಸಾಕು. ಮೊಟ್ಟೆಗಳು ಸುಮಾರು ಒಂದು ದಿನದೊಳಗೆ ಒಡೆದು, ಹುಳುಗಳು ತಲೆ ಕೆಳಗೆ ಮಾಡಿ ಮಾಂಸದೊಳಕ್ಕೆ ಕೊರೆಯುತ್ತವೆ. ಗಾಯದ ವಾಸನೆಗೆ ಇನ್ನಷ್ಟು ನೊಣಗಳು ಬರುತ್ತವೆ. ಸುಮಾರು ಒಂದು ವಾರದಲ್ಲಿ ಹುಳುಗಳು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶವಾಗುತ್ತವೆ. ಅಷ್ಟರಲ್ಲಿ ಅಂಗೈಯಗಲದ ಹುಣ್ಣಾಗಿರಬಹುದು.

ಆದ್ದರಿಂದ “ಹೆಣದ ನೊಣ ತಾನೇ, ಕೊಳೆತದ್ದು ತಿಂದು ಹೋಗುತ್ತದೆ” ಎಂದು ಸುಮ್ಮನಿರುವುದು ಬೇಡ. ಹುಣ್ಣಿನಲ್ಲಿ ಹುಳ ಕಂಡ ದಿನವೇ ಪಶುವೈದ್ಯರಿಗೆ ತೋರಿಸೋಣ. ತೆಗೆದ ಹುಳುಗಳನ್ನು ನೆಲಕ್ಕೆ ಚೆಲ್ಲಬಾರದು, ಅವು ಮಣ್ಣು ಸೇರಿ ಮತ್ತೆ ನೊಣವಾಗುತ್ತವೆ. ನಾಲ್ಕಾರು ಹುಳುಗಳನ್ನು ಕುದಿಯುವಷ್ಟು ಬಿಸಿಯಾದ ನೀರಿಗೆ ಹಾಕಿ ತೆಗೆದು, ಶೇಕಡಾ 70ರಿಂದ 80ರ ಆಲ್ಕೋಹಾಲಿನಲ್ಲಿಟ್ಟು, ಊರು, ದಿನಾಂಕ, ಗಾಯದ ಜಾಗ ಬರೆದು ಅಂಟಿಸಿದರೆ ತಜ್ಞರು ಜಾತಿ ಹೇಳಬಲ್ಲರು. ಆ ಚೀಟಿಯನ್ನು ನಾವು ಯಾವ ಭಾಷೆಯಲ್ಲೇ ಬರೆಯಲಿ, ನೊಣದ ವೈಜ್ಞಾನಿಕ ಹೆಸರು ಗಡಿಯ ಆಚೆಗೂ ಈಚೆಗೂ ಒಂದೇ.