ಚಾವಣಿಯಿಂದಿಳಿಯುವ ಶಾಖದ ಲೆಕ್ಕ

ಕಲಾ ವಿಭಾಗದ ವಿದ್ಯಾರ್ಥಿಗೆ ಶಾಖದ ಲೆಕ್ಕವೇಕೆಂದು ಸಹಪಾಠಿಗಳು ನಗಬಹುದು. ಕಾರಣ ನಮ್ಮ ಮನೆಯಲ್ಲಿಯೇ ಇದೆ. ಕಲಬುರಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಸಾಲ ಮಾಡಿ, ಹಳೆಯ ಮಣ್ಣಿನ ಮಾಳಿಗೆಯನ್ನು ಕೆಡವಿ ಕಾಂಕ್ರೀಟಿನ ಚಾವಣಿ ಹಾಕಿಸಿದನು. ಮಳೆಗಾಲದ ಸೋರಿಕೆ ನಿಂತಿತು. ಆದರೆ ಬೇಸಗೆ ಬಂದೊಡನೆ ಅವ್ವ, "ಹೊಸ ಮನ್ಯಾಗ ನಿದ್ದಿನೇ ಹತ್ತಂಗಿಲ್ಲ" ಎಂದು ಅಂಗಳದಲ್ಲಿ ಮಲಗತೊಡಗಿದಳು. ಮನೆ ಕಟ್ಟುವ ಮೊದಲೇ ಇದನ್ನು ತಿಳಿಯಬಹುದಿತ್ತೇ? ಒಂದು ಭಾಗಾಕಾರದಿಂದ ತಿಳಿಯಬಹುದಿತ್ತು.

ಶಾಖವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಹರಿಯುತ್ತದೆ. ಈ ಹರಿವಿನ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1822ರ ತನ್ನ ಗ್ರಂಥದಲ್ಲಿ ವಿವರಿಸಿದನು. ಚಾವಣಿಯ ವಿಸ್ತೀರ್ಣವೂ ಎರಡು ಮಗ್ಗುಲುಗಳ ಉಷ್ಣತೆಯ ಅಂತರವೂ ಹೆಚ್ಚಿದಷ್ಟು ಹರಿವು ಹೆಚ್ಚು. ನಡುವಿನ ತಡೆ ಹೆಚ್ಚಿದಷ್ಟು ಹರಿವು ಕಡಿಮೆ. ಮೀಟರಿನಲ್ಲಿ ಅಳೆದ ದಪ್ಪವನ್ನು ಆ ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಿದರೆ ತಡೆ ದೊರೆಯುತ್ತದೆ. ಉಷ್ಣವಾಹಕತೆಯು ಕಾಂಕ್ರೀಟಿಗೆ ಸುಮಾರು 1.58, ಮಾಳಿಗೆಯ ಮಣ್ಣಿಗೆ ಸುಮಾರು 0.52. ಗೋಡೆಗೂ ಇದೇ ಕ್ರಮ.

ಈಗ ಲೆಕ್ಕ ಹಾಕೋಣ. 10 ಸೆಂಟಿಮೀಟರ್ ಕಾಂಕ್ರೀಟಿನ ತಡೆ 0.06, 30 ಸೆಂಟಿಮೀಟರ್ ಮಣ್ಣಿನದು 0.58. ಚಾವಣಿಯ ಕೆಳಮೈಗೆ ಅಂಟಿ ನಿಲ್ಲುವ ಗಾಳಿಯ ತಡೆ ಸುಮಾರು 0.17. ಇದನ್ನು ಕೂಡಿಸಿದರೆ ಕಾಂಕ್ರೀಟಿಗೆ 0.23, ಮಣ್ಣಿಗೆ 0.75 ಆಗುತ್ತದೆ. ಬಿಸಿಲಿಗೆ ಕಾದ ಮೇಲ್ಮೈ 55 ಡಿಗ್ರಿ, ಕೋಣೆ 35 ಡಿಗ್ರಿ, ವಿಸ್ತೀರ್ಣ 10 ಚದರ ಮೀಟರ್ ಎಂದಿಟ್ಟುಕೊಳ್ಳಿ. ಅಂತರ 20ನ್ನು 10ರಿಂದ ಗುಣಿಸಿದರೆ 200. ಇದನ್ನು ತಡೆಯಿಂದ ಭಾಗಿಸಿದರೆ, ಕಾಂಕ್ರೀಟಿನ ಮೂಲಕ ಸುಮಾರು 870 ವಾಟ್, ಮಣ್ಣಿನ ಮೂಲಕ ಸುಮಾರು 270 ವಾಟ್ ಶಾಖ ಇಳಿಯುತ್ತದೆ. ಮೂರು ಪಟ್ಟಿಗೂ ಮಿಗಿಲು!

ಇದು ಒಂದೇ ಸಮನಾದ ಹರಿವಿನ ಲೆಕ್ಕ. ಹಗಲು ಕುಡಿದ ಶಾಖವನ್ನು ಕಾಂಕ್ರೀಟು ರಾತ್ರಿ ಹೊರಬಿಡುವುದು ಇದರಲ್ಲಿ ಸೇರದು. ಅವ್ವನ ನಿದ್ದೆ ಕೆಡಿಸುವುದು ಅದೇ.

ಪರಿಹಾರವೇನು? ಕಾಂಕ್ರೀಟಿನ ಮೇಲೆ 10 ಸೆಂಟಿಮೀಟರ್ ಮಣ್ಣು ಹಾಸಿದರೆ ತಡೆ 0.42ಕ್ಕೇರಿ, ಶಾಖ ಸುಮಾರು 475 ವಾಟಿಗೆ ಇಳಿಯುತ್ತದೆ. ಆದರೆ ಆ ಮಣ್ಣು ಚದರ ಮೀಟರಿಗೆ ಸುಮಾರು 160 ಕಿಲೋಗ್ರಾಂ ತೂಗುತ್ತದೆ. ಇಂಜಿನಿಯರರನ್ನು ಕೇಳದೆ ಹೇರಲಾಗದು. ಆದ್ದರಿಂದ ಸದ್ಯಕ್ಕೆ ನಾನೂ ಅಪ್ಪನೂ ಚಾವಣಿಗೆ ಸುಣ್ಣ ಬಳಿದಿದ್ದೇವೆ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಆ 55 ಡಿಗ್ರಿಯೇ ತಗ್ಗುತ್ತದೆ.

ಸೋರುವ ಮಾಳಿಗೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಹಳೆಯದನ್ನು ಕೆಡವುವ ಮುನ್ನ ಅದು ಏನನ್ನು ತಡೆಯುತ್ತಿತ್ತೆಂದು ಒಮ್ಮೆ ಲೆಕ್ಕ ಹಾಕುವುದು ಲೇಸು.