‘ಮೇರೆ ಅಪ್ನೆ’: ತನ್ನವರನ್ನು ಅರಸಿದ ಅಜ್ಜಿ

ಚಲನಚಿತ್ರಗಳ ಬಗೆಗೆ ಮನೆಯ ಹಿರಿಯರಿಗಿರುವ ಅಸಮಾಧಾನ ಅಕಾರಣವಾದುದೇನೂ ಅಲ್ಲ. ಆದರೂ ಅಜ್ಜಿ ಮೊಮ್ಮಕ್ಕಳು ಜೊತೆಯಲ್ಲಿ ಕುಳಿತು ನೋಡಬಹುದಾದ ಹಿಂದಿ ಚಿತ್ರವೊಂದಿದೆ. ಅದು 1971ರಲ್ಲಿ ತೆರೆಕಂಡ ‘ಮೇರೆ ಅಪ್ನೆ’, ಎಂದರೆ ‘ನನ್ನವರು’. ಕವಿ ಗುಲ್ಜಾರರು ನಿರ್ದೇಶಿಸಿದ ಮೊದಲ ಚಿತ್ರವಿದು. ತಪನ್ ಸಿನ್ಹಾ ಅವರು 1968ರಲ್ಲಿ ಬಂಗಾಳಿಯಲ್ಲಿ ತೆಗೆದ ‘ಆಪನಜನ’ವೇ ಇದಕ್ಕೆ ಮೂಲ.

ಹಳ್ಳಿಯಲ್ಲಿ ಒಂಟಿಯಾಗಿ ಬದುಕುತ್ತಿರುವ ಆನಂದಿದೇವಿ ಮಕ್ಕಳಿಲ್ಲದ ವಿಧವೆ. ದೂರದ ಸಂಬಂಧಿ ಎಂದು ಹೇಳಿಕೊಂಡು ಬಂದ ತರುಣನೊಬ್ಬ ಆಕೆಯನ್ನು ಪಟ್ಟಣಕ್ಕೆ ಕರೆದೊಯ್ಯುತ್ತಾನೆ. ತನಗೂ ತನ್ನವರು ಇದ್ದಾರಲ್ಲ ಎಂದು ಆ ಮುದಿ ಜೀವ ಹಿಗ್ಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು, ಅಷ್ಟೆ. ಸಂಬಳ ಕೇಳದ ಆಳು ದೊರೆತಂತಾಯಿತು. ಆ ದಂಪತಿಗಳು ಕ್ರೂರಿಗಳೇನೂ ಅಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ಕಾಣಸಿಗುವಂಥವರೇ. ಬಾಣಂತನಕ್ಕೆಂದು, ಕೂಸು ಆಡಿಸಲೆಂದು ಊರಿನಿಂದ ಕರೆತಂದ ದೊಡ್ಡಮ್ಮನನ್ನೋ ಸೋದರತ್ತೆಯನ್ನೋ ನೆನೆದುಕೊಂಡರೆ ಈ ಭಾಗವನ್ನು ನಿರಾಳವಾಗಿ ನೋಡುವುದು ಕಷ್ಟ.

ನಿಜ ತಿಳಿದಾಗ ಆಕೆ ಆ ಮನೆಯನ್ನು ಬಿಡುತ್ತಾಳೆ. ಅನಾಥ ಬಾಲಕನೊಬ್ಬ ತಾನಿರುವ ಪಾಳು ಕಟ್ಟಡದಲ್ಲಿ ಆಕೆಗೆ ಆಶ್ರಯ ಕೊಡುತ್ತಾನೆ. ಅಲ್ಲಿ ಕೂಡುವ ಪುಂಡ ಹುಡುಗರು ಆಕೆಯನ್ನು ‘ನಾನಿ ಮಾ’ ಎಂದು, ತಾಯಿಯ ತಾಯಿ ಎಂದು, ಕರೆಯತೊಡಗುತ್ತಾರೆ. ಓದಿದರೂ ಉದ್ಯೋಗವಿಲ್ಲದೆ, ಮನೆಯಲ್ಲಿ ಬೈಸಿಕೊಂಡು ಬೀದಿಗೆ ಬಿದ್ದವರು ಅವರು. ಪದವಿ ಕೈಯಲ್ಲಿದ್ದೂ ಕೆಲಸವಿಲ್ಲದ ತಮ್ಮ ಸ್ಥಿತಿಯನ್ನು ತಾವೇ ಗೇಲಿ ಮಾಡಿಕೊಂಡು ಅವರು ಹಾಡುವ ಹಾಡು ನಗಿಸುತ್ತಲೇ ಚುಚ್ಚುತ್ತದೆ.

ಶ್ಯಾಮನದೊಂದು ಗುಂಪು, ಛೇನುವಿನದೊಂದು ಗುಂಪು. ಚುನಾವಣೆ ಬಂದೊಡನೆ ಅಭ್ಯರ್ಥಿಗಳಿಗೆ ಈ ಹುಡುಗರ ನೆನಪಾಗುತ್ತದೆ. ಅವರ ಹಳೆಯ ಜಗಳಕ್ಕೆ ಹಣ ಸುರಿಯುವವರು ಹಿರಿಯರು, ಹೊಡೆದಾಡುವವರು ಕಿರಿಯರು. ಆ ಕಾಲದಲ್ಲಿ ಮತದಾನದ ವಯಸ್ಸು 21; ಅದು 18ಕ್ಕೆ ಇಳಿದದ್ದು 1989ರಲ್ಲಿ. ಇಂಥ ಎಷ್ಟೋ ಹುಡುಗರಿಗೆ ಅಂದು ಘೋಷಣೆ ಕೂಗುವ ಕೆಲಸವಿತ್ತು, ಮತವಿರಲಿಲ್ಲ. ಕೊನೆಯ ಗಲಭೆಯಲ್ಲಿ ಗುಂಡು ತಗಲುವುದು ಯಾವ ಪಕ್ಷಕ್ಕೂ ಸೇರದ ನಾನಿಗೆ.

ಹೊಡೆದಾಟದ ದೃಶ್ಯಗಳು ಅಲ್ಲಲ್ಲಿ ಅತಿಯಾದುವೆಂದೇ ನನ್ನ ಎಣಿಕೆ. ಆದರೆ ಮೀನಾಕುಮಾರಿಯವರ ಅಭಿನಯದ ಮುಂದೆ ಅದು ಮರೆತುಹೋಗುತ್ತದೆ. ಇನ್ನೂ ನಲವತ್ತು ತುಂಬದ ಆ ನಟಿ ನೆರೆತ ಕೂದಲಿನ ಮುದುಕಿಯಾಗಿದ್ದಾರೆ. ಚಿತ್ರ ತೆರೆಕಂಡ ಕೆಲವೇ ತಿಂಗಳಲ್ಲಿ, 1972ರ ಮಾರ್ಚ್ 31ರಂದು, ಅವರು ತೀರಿಕೊಂಡರು.

ಶ್ಯಾಮನಾಗಿದ್ದವರು ವಿನೋದ್ ಖನ್ನಾ, ಛೇನುವಾಗಿದ್ದವರು ಶತ್ರುಘ್ನ ಸಿನ್ಹಾ. ತೆರೆಯ ಮೇಲೆ ರಾಜಕಾರಣಿಗಳ ಕೈಗೊಂಬೆಗಳಾಗಿ ಬಡಿದಾಡಿದ ಇವರಿಬ್ಬರೂ ಮುಂದೆ ಒಂದೇ ಪಕ್ಷ ಸೇರಿ, 2002ರಲ್ಲಿ ವಾಜಪೇಯಿಯವರ ಮಂತ್ರಿಮಂಡಲದಲ್ಲಿ ಜೊತೆಯಾಗಿ ಸಚಿವರಾದರು.